ಹನ್ನೊಂದು ಗಂಟೆಯ ಅಪ್‌ಡೇಟ್

ಜುಲೈ 9, ಬುಧವಾರ

ಈ ತಿಂಗಳ ಪ್ಯಾಚ್ ಬಂತು. ಕಂಪ್ಯೂಟರಿನ ತೂತು ಮುಚ್ಚುವ ಅಪ್‌ಡೇಟ್; ಆಸ್ಪತ್ರೆಯ ನಲವತ್ತಮೂರು ಕಂಪ್ಯೂಟರಿಗೂ ಕಳಿಸಿದೆ. ಮಧ್ಯಾಹ್ನದವರೆಗೆ ಹಾಕಿಕೊಂಡಿದ್ದು ಹದಿನಾಲ್ಕು. ಉಳಿದವರೆಲ್ಲ ‘ಆಮೇಲೆ’ ಒತ್ತಿ ಕೂತಿದ್ದಾರೆ. ಎಲ್ಲರೂ ಓದಲು ಬರುವವರೇ. ಎಂಬಿಬಿಎಸ್ ಆದವರೂ ಇದ್ದಾರೆ.

ರಿಸೆಪ್ಷನ್ನಿನ ಕವಿತಾ: “ಮೇಡಂ, ಎಂತದೋ ನೀಲಿ ಪಟ್ಟಿ ಬಂತು. ವೈರಸ್ ಹೇಳಿ ಬಂದ್ ಮಾಡ್ದೆ.” ವೈರಸ್ ಬಾರದಿರಲಿ ಅಂತ ಕಳಿಸಿದ್ದನ್ನೇ ವೈರಸ್ ಅಂತ ಮುಗಿಸಿದಳು.

ಲ್ಯಾಬಿನಲ್ಲಿ ಬೊಮ್ಮು ಗೌಡ. ಸುಂಕಸಾಳದವನು, ಕಾಂಟ್ರಾಕ್ಟ್ ಟೆಕ್ನಿಷಿಯನ್, ಎರಡು ಬೆರಳಲ್ಲಿ ಟೈಪ್ ಮಾಡುವವನು. “ಮೇಡಂ, ಈಗ ಸ್ಯಾಂಪಲ್ ಬರೂ ಹೊತ್ತು. ಮೂರರ ಮೇಲೆ ಮಾಡೂಕಾಗ್ತದಾ?” ನನಗೇ ಟೈಮ್‌ಟೇಬಲ್ ಹಾಕಿಕೊಡುತ್ತಾನೆ. ನನ್ನ ಕೋಣೆಗೆ ವಾಪಸ್ ಬಂದೆ.

ಜುಲೈ 11, ಶುಕ್ರವಾರ

ಅಂಕೋಲೆಗೆ ಹೋಗಿಬಂದೆ. ಅಲ್ಲಿ ನಮ್ಮದೊಂದು ಸ್ಯಾಂಪಲ್ ಕಲೆಕ್ಷನ್ ಸೆಂಟರ್ — ಒಂದು ಕೋಣೆ, ಒಂದು ಫ್ರಿಜ್, ತೊಂಬತ್ತೊಂದು ದಿನದಿಂದ ರೀಸ್ಟಾರ್ಟ್ ಆಗದ ಒಂದು ಕಂಪ್ಯೂಟರ್. ನೋಡಿಕೊಳ್ಳುವ ಹೀರಾಬಾಯಿಗೆ ಅದೇ ಹೆಮ್ಮೆ. “ಬಂದ್ ಮಾಡಿದ್ರೆ ಮತ್ತೆ ಚಾಲೂ ಆಗೂದಿಲ್ಲ ಬಾಯೋರೆ. ನಾನು ಮುಟ್ಟೂದೇ ಇಲ್ಲ.” ಸಿಪಿಯು ಮೇಲೆ ಅಬ್ಬಲಿ ಹೂವು. ಪಾಸ್‌ವರ್ಡ್ ಕ್ಯಾಲೆಂಡರಿನ ಮೇಲೆ, ದಪ್ಪ ಅಕ್ಷರದಲ್ಲಿ. ಹೂ ತೆಗೆದೆ, ಅಪ್‌ಡೇಟ್ ಹಾಕಿದೆ, ಚಾಲೂ ಆಯಿತು. ಕೈಮುಗಿದಳು — ನನಗಲ್ಲ, ಕಂಪ್ಯೂಟರಿಗೆ.

ಬಸ್ಸಿನಲ್ಲಿ ಕಾರವಾರದ ತನಕ ನಿಂತೇ ಬಂದೆ. ಕದ್ವಾಡದ ಮನೆ ಮುಟ್ಟುವಾಗ ಏಳು ಗಂಟೆ. ಆಯಿ ಕೇಳಿದಳು, “ಅಷ್ಟು ದೂರ ಹೋಗಿ ಎಂತ ಮಾಡಿ ಬಂದ್ಯೇ?” ಬಂದ್ ಮಾಡಿ ಚಾಲೂ ಮಾಡಿ ಬಂದೆ ಅಂದೆ. ನಕ್ಕಳು. ನಗಲಿ.

ಜುಲೈ 15, ಮಂಗಳವಾರ

ಮೀಟಿಂಗ್. ಆಡಳಿತ ನೋಡಿಕೊಳ್ಳುವ ಶಾಂತಾರಾಮ ಸರ್ ಹತ್ತಿರ ಭಾನುವಾರ ಎರಡು ತಾಸು ಕೇಳಿದೆ, ಎಲ್ಲ ನಿಲ್ಲಿಸಿ ಪ್ಯಾಚ್ ಹಾಕಲು. ಹತ್ತು ಜನರ ಎದುರು: “ಓಡ್ತಾ ಇದ್ದದ್ದನ್ನ ಎಂತಕ್ಕೆ ನಿಲ್ಸೂದು ಮನಿಷಾ? ನೀವು ಇಡೀ ದಿವ್ಸ ಎಂತ ಮಾಡ್ತ್ರಿ ಹೇಳೂದೇ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ.”

ಎಲ್ಲರೂ ನಕ್ಕರು. ಆಮೇಲೆ ಪ್ರೊಜೆಕ್ಟರ್ ವೈರ್ ಸಡಿಲ, ನೋಡಿ ಅಂದರು. ನೋಡಿದೆ. ಮೇಜಿನ ಕೆಳಗೆ ಬಗ್ಗಿ, ಅವರ ಕಾಲುಗಳ ನಡುವೆ.

ಆರು ವರ್ಷದಿಂದ ಇಲ್ಲಿ ಏನೂ ಕೆಟ್ಟಿಲ್ಲ. ಯಾಕೆ ಕೆಟ್ಟಿಲ್ಲ ಅಂತ ಒಬ್ಬನಾದರೂ ಕೇಳಬೇಕಿತ್ತು. ದಡ್ಡರು.

ಜುಲೈ 18, ಶುಕ್ರವಾರ, ಬೆಳಿಗ್ಗೆ 10.50

ಸೆಟ್ಟಿಂಗ್ ಬದಲಾಯಿಸಿದೆ. ಹನ್ನೊಂದಕ್ಕೆ ಸರಿಯಾಗಿ, ಬಾಕಿ ಉಳಿದ ಎಲ್ಲ ಕಂಪ್ಯೂಟರಿಗೂ ಒಟ್ಟಿಗೆ ಅಪ್‌ಡೇಟ್. ‘ಆಮೇಲೆ’ ಒತ್ತಲು ಜಾಗವಿಲ್ಲ. ಓಪಿಡಿ ತುಂಬಿದೆ. ತುಂಬಿರಲಿ. ಯಾರಿಗೂ ಹೇಳಿಲ್ಲ. ನಾನು ಇಡೀ ದಿನ ಎಂತ ಮಾಡುತ್ತೇನೆ ಅಂತ ಇವತ್ತು ಗೊತ್ತಾಗಲಿ.

11.12

ಫೋನ್ ಮೇಲೆ ಫೋನ್. ಎತ್ತುತ್ತಿಲ್ಲ. ಕಾರಿಡಾರಿನಲ್ಲಿ ಶಾಂತಾರಾಮರು ಕೂಗಾಡುತ್ತಿದ್ದಾರೆ. ಕೇಳಲು ಹಿತ. ಲ್ಯಾಬಿನಿಂದ ನಾಲ್ಕನೇ ಸಲ... ಕಟ್ ಮಾಡಿದೆ.

ಸಂಜೆ 6

ಕ್ರಮವಾಗಿ ಬರೆಯಬೇಕು.

ದುರ್ಗಿ ಅಂತ, ಅಮದಳ್ಳಿಯವಳು, ಕೂಲಿಗೆ ಹೋಗುವವಳು. ಐದು ದಿನದ ಜ್ವರ, ವಸಡಿನಿಂದ ರಕ್ತ. ಡಾಕ್ಟರು ತಕ್ಷಣ ಪ್ಲೇಟ್ಲೆಟ್ ನೋಡಬೇಕು ಅಂದರು. ರಕ್ತ ಪರೀಕ್ಷಿಸುವ ಯಂತ್ರ ಲ್ಯಾಬಿನ ಕಂಪ್ಯೂಟರ್ ಇಲ್ಲದೆ ಓಡುವುದಿಲ್ಲ. ಕಂಪ್ಯೂಟರ್ ಅಪ್‌ಡೇಟ್ ಆಗುತ್ತಿತ್ತು. ಮೂವತ್ತೆರಡು ಪರ್ಸೆಂಟಿಗೆ ನಿಂತಿತು. ಬೊಮ್ಮು ಇಪ್ಪತ್ತೈದು ನಿಮಿಷ ಕಾದ. ಕಾಯುತ್ತಲೇ ನನಗೆ ನಾಲ್ಕು ಸಲ ಫೋನ್ ಮಾಡಿದ. ಕೊನೆಗೆ ಪ್ಲಗ್ ಕಿತ್ತು ಮತ್ತೆ ಹಾಕಿದ. ಅದು ಏಳಲೇ ಇಲ್ಲ.

ಸ್ಯಾಂಪಲ್ ಹಿಡಿದು ಮಳೆಯಲ್ಲಿ ತನ್ನ ಬೈಕಿನಲ್ಲೇ ಬೇರೆ ಲ್ಯಾಬಿಗೆ ಓಡಿದ. ಅಲ್ಲಿ ಸಾಲು. ರಿಪೋರ್ಟ್ ಬಂದಿದ್ದು ಎರಡು ಗಂಟೆಗೆ. ಒಂದೂವರೆ ಲಕ್ಷವಾದರೂ ಇರಬೇಕಾದಲ್ಲಿ ಎಂಟು ಸಾವಿರ. ಅಷ್ಟರಲ್ಲಿ ಮೂಗಿನಿಂದಲೂ ರಕ್ತ.

ರಿಪೋರ್ಟ್ ಬರುವ ಮುಂಚೆ ನಾನು ಲ್ಯಾಬಿಗೆ ಹೋದಾಗ ಬೆಂಚಿನ ಮೇಲೆ ಅವಳ ಗಂಡ ಜಟ್ಟಿ ಕೂತಿದ್ದ. ನನ್ನನ್ನು ಲ್ಯಾಬಿನವಳು ಅಂದುಕೊಂಡು ಎದ್ದು ನಿಂತ. “ಬಾಯೋರೆ, ರಿಪೋರ್ಟ್ ಆಯ್ತ್ರಾ?” ಆಗ್ತಾ ಇದೆ ಅಂದೆ.

ದುರ್ಗಿಯನ್ನು ಆಂಬುಲೆನ್ಸಿನಲ್ಲಿ ಗೋವಾದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮೂರು ಗಂಟೆಗೆ ಕಂಪ್ಯೂಟರ್ ಸರಿಮಾಡಿದೆ. ಎಂದಿನಂತೆ, ಅಚ್ಚುಕಟ್ಟಾಗಿ. ಅದೇ ಈಗ ಅಸಹ್ಯ ಅನಿಸುತ್ತಿದೆ.

ಜುಲೈ 19

ಗೋವಾದಿಂದ ಸುದ್ದಿಯಿಲ್ಲ.

ಜುಲೈ 24, ಗುರುವಾರ

ದುರ್ಗಿ ಬದುಕಿದಳು. ನಿನ್ನೆ ಎದ್ದು ಗಂಜಿ ಕುಡಿದಳಂತೆ.

ಬೊಮ್ಮುವಿಗೆ ನೋಟಿಸ್: ಅಪ್‌ಡೇಟ್ ನಡೆಯುವಾಗ ಪ್ಲಗ್ ಕಿತ್ತು ಯಂತ್ರ ನಿಲ್ಲಿಸಿದ. ತಿಂಗಳ ಕೊನೆಗೆ ಮನೆಗೆ. ಹನ್ನೊಂದಕ್ಕೇ ಯಾಕೆ ಅಪ್‌ಡೇಟ್ ಶುರುವಾಯಿತು ಅಂತ ಯಾರೂ ಕೇಳಲಿಲ್ಲ. ಹಾಗೊಂದು ಪ್ರಶ್ನೆ ಉಂಟು ಅಂತಲೂ ಇವರಿಗೆ ಗೊತ್ತಿಲ್ಲ. ಕಂಪ್ಯೂಟರ್ ತಾನೇ ಬರೆದಿಡುವ ಲಾಗ್‌ನಲ್ಲಿ ನನ್ನ ಹೆಸರಿದೆ, ಗಂಟೆ ನಿಮಿಷ ಸಮೇತ. ಅದನ್ನು ಓದಬಲ್ಲವಳು ನಾನೊಬ್ಬಳೇ.

ಇವರ ದಡ್ಡತನಕ್ಕೆ ಮೊದಲ ಸಲ ಖುಷಿಪಟ್ಟೆ. ಥೂ.

ಜುಲೈ 25

ಬೊಮ್ಮು ನನ್ನ ಕೋಣೆಗೆ ಬಂದ. ಕೂರಲಿಲ್ಲ.

“ಮೇಡಂ, ತಪ್ಪಾಯ್ತು. ಕೀಳಬಾರ್ದಾಗಿತ್ತು. ಆ ಹೆಂಗ್ಸಿಗೆ ರಕ್ತ ಬರ್ತಾ ಇತ್ತು, ತಲೆ ಓಡ್ಲಿಲ್ಲ. ಗೊತ್ತಿಲ್ದೆ ಮಾಡಿದ್ದು ಹೇಳಿ ನೀವೊಂದು ಬರ್ದು ಕೊಡ್ತ್ರಾ?”

ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾನೆ. ನಾಲ್ಕು ಸಲ ಫೋನ್ ಮಾಡಿದ್ದನ್ನು ಎತ್ತಿ ಆಡಲಿಲ್ಲ. ಮರೆತನೋ, ಬೇಕೆಂದೇ ಬಿಟ್ಟನೋ... ನೋಡುತ್ತೇನೆ ಅಂದೆ. “ಅಡ್ಡಿಲ್ಲ ಮೇಡಂ” ಅಂತ ಹೋದ.



ಜುಲೈ 28, ಸೋಮವಾರ

ಲಾಗ್ ಪ್ರಿಂಟ್ ತೆಗೆದು ಶಾಂತಾರಾಮರ ಮೇಜಿನ ಮೇಲೆ ಇಟ್ಟೆ. ತಲೆಕೆಳಗಾಗಿ ಹಿಡಿದರು. ಓದಿ ಹೇಳಿದೆ. ಅಪ್‌ಡೇಟ್ ಬಿಟ್ಟವಳು ನಾನು, ಸಿಟ್ಟಿನಲ್ಲಿ, ಬೇಕೆಂದೇ, ಯಾರಿಗೂ ಹೇಳದೆ.

ಕಾಗದವನ್ನು ನೆಟ್ಟಗೆ ತಿರುಗಿಸಿದರು. “ತಪ್ಪು ತನ್ನದೇ ಹೇಳಿ ಅವ ಬರ್ದು ಕೊಟ್ಟಾಗಿದೆ. ಕಾಂಟ್ರಾಕ್ಟಿನವ, ನಾಳೆ ಇನ್ನೊಬ್ಬ ಸಿಗ್ತಾನೆ. ನೀವು ಹೋದ್ರೆ ಈ ಪೆಟ್ಟಿಗೆಗಳನ್ನ ಯಾರು ನೋಡೂದು?” ಕಾಗದ ಮಡಚಿ ವಾಪಸ್ ಕೊಟ್ಟರು. “ಇದು ನಾನು ನೋಡ್ಲಿಲ್ಲ.”

ಹದಿಮೂರು ದಿನದ ಹಿಂದೆ ನನ್ನ ಕೆಲಸವೇನೆಂದು ಗೊತ್ತಿಲ್ಲದವರು. ಈ ಮನುಷ್ಯನನ್ನು ಇಷ್ಟು ದಿನ ಬರೀ ದಡ್ಡ ಅಂದುಕೊಂಡಿದ್ದೆ.

ಪ್ರಿಂಟ್ ಹಿಡಿದು ಹೊರಗೆ ನಿಂತೆ. ಹರಿದರೆ ಮುಗಿಯಿತು. ಅದರ ಅಡಿಯಲ್ಲಿ ಶಾಂತಾರಾಮರಿಗೆ ಹೇಳಿದ್ದನ್ನೇ ಬರೆದೆ, ಮೆಟ್ಟಿಲು ಇಳಿದು, ದುರ್ಗಿಯನ್ನು ನೋಡಿದ ಡಾಕ್ಟರ ಕೈಗೆ ಕೊಟ್ಟೆ. ನಿಂತಲ್ಲೇ ಓದಿದರು. ನನ್ನನ್ನು ಬೈಯಲಿಲ್ಲ. “ಆ ಬಾಗಿಲು ಹಾಕಿಕೊಂಡು ಹೋಗಿ” ಅಂದರು, ಅಷ್ಟೇ.

ಆಗಸ್ಟ್ 6, ಬುಧವಾರ

ಟ್ರಸ್ಟಿಗಳ ಮೀಟಿಂಗ್ ಆಯಿತು. ಡಾಕ್ಟರು ಬಿಡಲಿಲ್ಲ; ಅಲ್ಲಿಯವರೆಗೆ ನೋಟಿಸನ್ನೂ ತಡೆಹಿಡಿಸಿದ್ದರು. ಬೊಮ್ಮು ಉಳಿದ. ನಾನು ತಿಂಗಳ ಕೊನೆಗೆ ಹೊರಗೆ. ಹೊಸಬರು ಸಿಗುವವರೆಗೆ ಕಂಪ್ಯೂಟರನ್ನೂ ಬೊಮ್ಮುವೇ ನೋಡಿಕೊಳ್ಳಬೇಕಂತೆ, ನಾನು ಕಲಿಸಬೇಕಂತೆ. ಎಂಥ ಏರ್ಪಾಡು! ಎರಡು ಬೆರಳಿನವನ ಕೈಗೆ ನಲವತ್ತಮೂರು ಕಂಪ್ಯೂಟರ್.

ಆಯಿಗೆ ಎಲ್ಲಾ ಹೇಳಿದೆ. ಕೇಳಿದ್ದು ಒಂದೇ: “ಆ ದುರ್ಗಿ ಮನೆಗೆ ಬಂದಳಾ?”

ಆಗಸ್ಟ್ 13, ಬುಧವಾರ

ಈ ತಿಂಗಳ ಪ್ಯಾಚ್ ಬಂತು. ಬೊಮ್ಮು ಹೊಸ ನೋಟ್‌ಬುಕ್ ಹಿಡಿದು ಬಂದ. ಮೊದಲು ಲಾಗಿನ್ ಆಗುವುದು, ಬರೆದುಕೊ ಅಂದೆ. ಬರೆಯಲಿಲ್ಲ.

“ಅದಕ್ಕೂ ಮುಂಚೆ ಯಾರ್ಯಾರಿಗೆ ಹೇಳೂದು ಮೇಡಂ?”

ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. “ಹಂಗಾರೆ ಕೇಳ್ಕಂಡು ಬರುವಾ” ಅಂತ ಎದ್ದ.

ಐಸಿಯುವಿನಿಂದ ಶುರು ಮಾಡಿದೆವು. ಯಾವ ಹೊತ್ತಿಗೆ ನಿಲ್ಲಿಸಬಹುದು, ಯಾವ ಹೊತ್ತಿಗೆ ಮುಟ್ಟಲೇಬಾರದು. ಅವರು ಹೇಳಿದರು, ಇವನು ಬರೆದ. ಅಕ್ಷರ ಕೋಳಿ ಕೆದರಿದ ಹಾಗೆ. ಡಯಾಲಿಸಿಸ್ ಬಾಗಿಲಲ್ಲಿ ಪೆನ್ನನ್ನು ನನ್ನ ಕೈಗೆ ಕೊಟ್ಟ. “ಇಲ್ಲಿ ನೀವೇ ಕೇಳಿ.”

ಒಳಗೆ ಹೋದೆ. ಆರು ವರ್ಷದಲ್ಲಿ ಆ ಕೋಣೆಗೆ ಕೇಳಲು ಅಂತ ಹೋಗಿದ್ದೇ ಇಲ್ಲ. ಸಿಸ್ಟರ್ ಗಾಯತ್ರಿ ಕೈ ಒರೆಸಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದರು. ಸಿಸ್ಟರ್, ನಿಮಗೆ ಯಾವ ಹೊತ್ತಿಗೆ ಆದರೆ ಅನುಕೂಲ ಅಂತ ಕೇಳಿದೆ.