ಕಣಿವೆ ಕ್ಷೇಮ

ಕಾಡಿನ ಗೇಟಿನ ಹತ್ತಿರದ ಕ್ವಾರ್ಟರ್ಸ್
ಮಂಗಳವಾರ ಮಧ್ಯಾಹ್ನ

ಮುದ್ದಿನ ಪುಟ್ಟಿಗೆ,

ಮೊದಲು ಕಾಲು ಕೆಳಗಿಟ್ಟು ನೆಟ್ಟಗೆ ಕೂತು ಓದು. ನಿನ್ನ ಹೆಗಲ ಮೇಲಿಂದ ಇಣುಕುತ್ತಿರುವ ಹಾಸ್ಟೆಲ್ಲಿನ ಹುಡುಗಿಗೂ ಹೇಳು, ಕಾಗದ ಓದುವ ಚಪಲ ಅಷ್ಟಿದ್ದರೆ ಅವಳಜ್ಜಿಗೆ ಹೇಳಿ ಬರೆಸಿಕೊಳ್ಳಲಿ. ನಿನಗೇನು ಕಮ್ಮಿ ಬಯ್ಯಬೇಕಾ? ನಾನು ಕೈ ನೋಯುವಷ್ಟು ಬರೆದರೆ ನೀನು ‘ಚೆನ್ನಾಗಿದ್ದೇನೆ, ಇಲ್ಲಿ ಮಳೆ’ ಅಂತ ಗೀಚಿ ಕಳಿಸುತ್ತೀಯ. ಮಳೆ ಸುದ್ದಿ ರೇಡಿಯೋದಲ್ಲೂ ಬರುತ್ತದೆ ಕಣೇ, ಅದಕ್ಕೆ ಮೊಮ್ಮಗಳು ಬೇಕಾಗಿಲ್ಲ. ಬೂಟು ಕಚ್ಚಿದ ಹಿಮ್ಮಡಿ ವಾಸಿಯಾಯಿತಾ? ಹೊಟ್ಟೆ ತುಂಬ ತಿನ್ನುತ್ತೀಯಾ, ಇಲ್ಲ ಆ ಗಾರ್ಡು ಟ್ರೇನಿಂಗ್ ಶಾಲೆಯವರು ಓಡಿಸಿ ಓಡಿಸಿ ಕಡ್ಡಿ ಮಾಡಿದ್ದಾರಾ? ನನ್ನ ಮೊಣಕಾಲು ಮೊದಲಿನ ಹಾಗೇ, ನಾಲಗೆಯೂ ಮೊದಲಿನ ಹಾಗೇ. ಎರಡಕ್ಕೂ ತನ್ನ ಹತ್ತಿರ ಮದ್ದಿಲ್ಲ ಅಂತ ಕಾಂಪೌಂಡರ್ ಕೈ ಮುಗಿದುಬಿಟ್ಟ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನಬೇಡ. ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಬೇಕು, ಅಲ್ಲಿ ನಿಂತು ಕೂಗಿದರೆ ಪಕ್ಕದ ಮನೆಗೆ ಕೇಳುತ್ತದೆ. ಪಕ್ಕದ ಮನೆಗೆ ಕೇಳಬಾರದು ಅಂತಲೇ ಈ ಕಾಗದ.

ಇಲ್ಲಿಯ ದಿನಗಳು ನಿನಗೆ ಗೊತ್ತಿರುವಂಥವೇ. ಮೊನ್ನೆ ಒಬ್ಬ ದೊಡ್ಡ ಮನುಷ್ಯ ಗಾಡಿಯಿಂದ ಇಳಿದು ಕರಡಿ ಮರಿಗೆ ಬಿಸ್ಕತ್ತು ಕೊಡಲು ಹೋದ. ತಾಯಿ ಕರಡಿ ಪೊದೆಯಿಂದ ಎದ್ದು ನಿಂತಿತ್ತಂತೆ. ನಮ್ಮ ಗಾರ್ಡುಗಳು ಅವನ ಬೆಲ್ಟು ಹಿಡಿದು ಎಳೆದು ಗಾಡಿಯೊಳಗೆ ಹಾಕಿದರೆ, ಪ್ಯಾಂಟು ಹರಿಯಿತು ಅಂತ ಆಫೀಸಿಗೆ ಬಂದು ದೂರು ಕೊಟ್ಟು ಹೋದ. ಕರಡಿ ಹರಿದಿದ್ದರೆ ಯಾರ ಮೇಲೆ ದೂರು ಕೊಡುತ್ತಿದ್ದನೋ! ಬೇಲಿಯ ಹತ್ತಿರ ಮತ್ತೆ ತಂತಿಯ ಉರುಳುಗಳು ಸಿಕ್ಕಿವೆ, ಇವರು ಕಿತ್ತಷ್ಟೂ ಕಳ್ಳಬೇಟೆಯವರು ಕಟ್ಟುತ್ತಾರೆ. ಬೇಸಿಗೆ ಬರುವುದರೊಳಗೆ ಬೆಂಕಿ ದಾಟದ ಹಾಗೆ ಹುಲ್ಲು ಸವರಿ ದಾರಿ ಬಿಡಿಸಬೇಕು, ಸವರಲು ಜನ ಸಾಲದು. ಒಬ್ಬ ಕಮ್ಮಿಯಾದನಲ್ಲ.

ಪಕ್ಕದ ಮನೆಯ ನಿನ್ನ ಉದ್ದಮಾಮನನ್ನು ಹೊಳೆ ಎಳೆದುಕೊಂಡು ಹೋಯಿತು ಅಂತ ಹೋದ ಸಲ ಬರೆದಿದ್ದೆ. ಅದು ನಿಜವೇ, ಆದರೆ ಅಷ್ಟೇ ಅಲ್ಲ. ನಮ್ಮ ಬಾಗಿಲಿಗೆ ಬಂದಾಗಲೆಲ್ಲ ತಲೆ ಬಡಿದುಕೊಂಡು, ಬಾಗಿಲಿಗೇ ಬೈದು ನಿನ್ನನ್ನು ನಗಿಸುತ್ತಿದ್ದನಲ್ಲ, ಅಂಥವನ ವಿಷಯ ಮುಚ್ಚಿಟ್ಟುಕೊಂಡು ನನಗೆ ಅನ್ನ ಇಳಿಯುತ್ತಿಲ್ಲ.

ಸಂಜೆ ಬೆಳಕು ಹೋಗುವಾಗ ಆಫೀಸಿನವರು ವೈರ್‌ಲೆಸ್ಸಿನಲ್ಲಿ ಒಂದೊಂದೇ ಕ್ಯಾಂಪನ್ನು ಕರೆಯುತ್ತಾರೆ, ಅಲ್ಲಿದ್ದವನು ‘ಕ್ಷೇಮ’ ಅನ್ನಬೇಕು. ಆಫೀಸಿನ ಜಗಲಿಯಲ್ಲಿ ಸ್ಪೀಕರ್ ಹಾಕಿರುವುದರಿಂದ ನಾವು ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತು ಕೇಳುತ್ತೇವೆ. ನಮ್ಮ ನಮ್ಮ ಗಂಡಸರ ಸುದ್ದಿ ಬಂದ ಮೇಲೇ ಒಳಗೆ ಹೋಗುವುದು. ಇದೆಲ್ಲ ನೀನು ನನ್ನ ಮಡಿಲಲ್ಲಿ ಕೂತು ಕೇಳಿದ್ದೇ. ಉದ್ದಣ್ಣನಿದ್ದ ಕಣಿವೆ ಕ್ಯಾಂಪಿನ ದನಿ ಮಾತ್ರ ಬಂಡೆ ದಾಟಿ ಇಲ್ಲಿಗೆ ಬರುವುದಿಲ್ಲ. ಮೇಲೆ ಗುಡ್ಡದ ಕ್ಯಾಂಪಿನಲ್ಲಿರುವ ನಿಮ್ಮಪ್ಪನಿಗೆ ಕೇಳುತ್ತದೆ, ಅವನು ಇಲ್ಲಿಗೆ ದಾಟಿಸುತ್ತಾನೆ. ‘ಗುಡ್ಡ ಕ್ಷೇಮ, ಕಣಿವೆ ಕ್ಷೇಮ.’ ಕಣಿವೆಯ ಸೋಲಾರ್ ಬ್ಯಾಟರಿಯೋ ನನ್ನ ವಾರಗೆಯದು, ಒಂದು ದಿನ ಮೋಡ ಮುಚ್ಚಿದರೆ ಮಲಗಿಬಿಡುತ್ತದೆ. ಅಂಥ ಸಂಜೆಗಳಲ್ಲಿ ಆ ಕಡೆಯಿಂದ ಏನೂ ಕೇಳದಿದ್ದರೂ ನಿಮ್ಮಪ್ಪ ಕ್ಷೇಮ ಅಂದುಬಿಡುತ್ತಿದ್ದ. ಉತ್ತರವಿಲ್ಲ ಅಂದರೆ ನಾಲ್ಕು ಜನ ಟಾರ್ಚು ಹಿಡಿದು ಮಳೆಯಲ್ಲಿ ಕಣಿವೆಗೆ ಇಳಿಯಬೇಕು. ಹೋಗಿ ನೋಡಿದರೆ ಉದ್ದಣ್ಣ ಕಾಲು ಚಾಚಿಕೊಂಡು ಚಹಾ ಹೀರುತ್ತಿರುತ್ತಾನೆ, ಮಾರನೇ ದಿನ ಬ್ಯಾಟರಿ ನೋಡಿಕೊಳ್ಳಲಿಲ್ಲ ಅಂತ ರೇಂಜರ್ ಸಾಹೇಬರಿಂದ ಅವನಿಗೆ ಮಂಗಳಾರತಿ. ಗೆಳೆಯನನ್ನು ಬೈಗುಳದಿಂದ ಉಳಿಸುವುದು, ಅಷ್ಟೇ.

ಆ ಸಂಜೆಯೂ ಕಣಿವೆಯಿಂದ ಮಾತು ಬರಲಿಲ್ಲ. ನಿಮ್ಮಪ್ಪ ಕ್ಷೇಮ ಅಂದ.

ಮಾರನೇ ದಿನ ರೇಷನ್ ಹೊತ್ತುಕೊಂಡು ಹೋದವರಿಗೆ ಕ್ಯಾಂಪ್ ಖಾಲಿ ಸಿಕ್ಕಿತು. ಹುಡುಕುತ್ತಾ ಹೋದರೆ ಹೊಳೆಯ ದಾರಿಯಲ್ಲಿ ಮಣ್ಣು ಜಾರಿತ್ತು, ಅಲ್ಲಿ ಅವನದೊಂದು ಬೂಟು ಬಿದ್ದಿತ್ತು, ಲೇಸು ಬಿಚ್ಚಿಕೊಂಡಿದ್ದ. ಮುರಿದ ಕಾಲಿಗೆ ಕೋಲು ಕಟ್ಟಿಕೊಳ್ಳಲು ಬಿಚ್ಚಿದ್ದು ಅನ್ನುತ್ತಾರೆ. ಅಲ್ಲಿಂದ ತೆವಳಿಕೊಂಡು ಕೆಳಗಿನ ಬಂಡೆಯವರೆಗೆ ಹೋಗಿದ್ದಾನೆ. ಬಂಡೆಯ ಸಂದಿಗೆ ಒಂದು ಕೋಲು ಸಿಕ್ಕಿಸಿ, ದೂರಕ್ಕೆ ಕಾಣಲಿ ಅಂತ ತನ್ನ ಯೂನಿಫಾರಂ ಅಂಗಿಯನ್ನು ಅದಕ್ಕೆ ಕಟ್ಟಿದ್ದ. ತನ್ನ ಉತ್ತರ ಹೋಗಲಿಲ್ಲ ಅಂದಮೇಲೆ ಜನ ಬಂದೇ ಬರುತ್ತಾರೆ ಅಂತ ಕಾದು ಕೂತಿದ್ದಾನೆ ಪುಟ್ಟಿ. ಬೆಳಗಿನ ಜಾವ ಹೊಳೆ ಏರಿತು. ಅಂಗಿ ಉಳಿಯಿತು. ನಾಯಿ ತಂದರು, ದೋಣಿ ತಂದರು, ಕೊನೆಗೆ ಸಾಕು ಅಂತ ಹೊರಟುಹೋದರು. ಮಣ್ಣು ಮಾಡಲು ಮೈ ಕೂಡ ಸಿಗಲಿಲ್ಲ.

ರೇಂಜರ್ ಸಾಹೇಬರು ನಿಮ್ಮಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಎಲ್ಲ ಕ್ಯಾಂಪಿನವರೂ ಮಾಡುವುದೇ ಅಲ್ಲವಾ, ಬಿಡು ಅಂದರಂತೆ. ಅಂಗಿಯ ವಿಷಯ ಉದ್ದಣ್ಣನ ಹೆಂಡತಿಗೆ ಹೇಳಬೇಡಿ ಅಂತಲೂ ಎಲ್ಲರ ಬಾಯಿ ಕಟ್ಟಿದ್ದಾರೆ. ಎರಡು ಏಟು ಹೊಡೆದು, ಕೆಲಸದಿಂದ ತೆಗೆದು ಮನೆಗೆ ಅಟ್ಟಿದ್ದರೆ ನನ್ನ ಮಗ ನನಗೆ ಸಿಗುತ್ತಿದ್ದನೇನೋ. ಈಗ ಅವನು ಗುಡ್ಡದಿಂದ ಇಳಿಯುವುದೇ ಇಲ್ಲ. ರಜೆ ಬಂದರೂ ಇಲ್ಲ. ಕೊಳೆ ಬಟ್ಟೆ ಮಾತ್ರ ಜೀಪಿನಲ್ಲಿ ಇಳಿದು ಬರುತ್ತದೆ. ಕಣಿವೆ ಕ್ಯಾಂಪಿಗೆ ಬೀಗ ಹಾಕಿದ್ದಾರೆ, ಅದನ್ನು ಯಾರೂ ಕರೆಯುವುದಿಲ್ಲ. ಆದರೂ ಸಂಜೆ ಅವನ ಸರದಿ ಬಂದಾಗ ‘ಗುಡ್ಡ ಕ್ಷೇಮ’ ಅಂದು, ಅದರ ಹಿಂದೆಯೇ ‘ಕಣಿವೆ ಉತ್ತರವಿಲ್ಲ’ ಅನ್ನುತ್ತಾನೆ. ದಿನಾ. ಬೇಡ ಅಂದರೂ ಕೇಳುವುದಿಲ್ಲ.

ಆ ಮಾತು ಕೇಳಲು ಪಕ್ಕದ ಮನೆಯವಳು ಇನ್ನೂ ಮೆಟ್ಟಿಲ ಮೇಲೆ ಬಂದು ಕೂರುತ್ತಾಳೆ. ನಿಮ್ಮಪ್ಪನನ್ನು ಅಣ್ಣ ಅನ್ನುತ್ತಾಳಲ್ಲ, ತನ್ನ ಗಂಡನನ್ನು ಮರೆಯದವರು ಅಣ್ಣ ಒಬ್ಬರೇ ಅಂತ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಆ ಸಂಜೆಯ ‘ಕಣಿವೆ ಕ್ಷೇಮ’ವನ್ನೂ ಅವಳು ಇದೇ ಮೆಟ್ಟಿಲ ಮೇಲೆ ಕೂತು ಕೇಳಿ, ನೆಮ್ಮದಿಯಾಗಿ ಮಲಗಿದ್ದಳು. ಅಂದರೆ ತನ್ನ ಗಂಡ ಅವತ್ತು ನಿಮ್ಮಪ್ಪನ ಹತ್ತಿರ ಮಾತಾಡಿದ್ದಾನೆ ಅಂತಲೇ ಅವಳ ಲೆಕ್ಕ. ಆಮೇಲೆ ಯಾವಾಗಲೋ ಹೊಳೆ ಒಂದೇ ಸಲಕ್ಕೆ ಎಳೆದುಕೊಂಡಿತು, ನರಳಲಿಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಳೆ. ಬರುವ ತಿಂಗಳ ಮೊದಲನೇ ದಿನ ಅವಳು ಕ್ವಾರ್ಟರ್ಸ್ ಬಿಡಬೇಕು, ಹೊಸ ಗಾರ್ಡು ಬರುತ್ತಾನೆ. ಹೋಗುವ ಮೊದಲು ಅವಳಿಗೆ ಬೇಕಾಗಿರುವುದು ಒಂದೇ. ಅವರು ಕೊನೇ ಸಲ ಅಣ್ಣನ ಹತ್ತಿರ ಏನಂದರು, ಆ ಮಾತು ಅಣ್ಣನ ಬಾಯಿಂದಲೇ ಕೇಳಬೇಕು ಅಂತಾಳೆ.

ಇನ್ನು ನನ್ನ ಕೈ ಸೋತಿತು. ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಅಂದುಕೊಂಡು ಮಲಗು. ಒದ್ದೆ ಬೂಟು ಹಾಕಬೇಡ. ಒಬ್ಬಳೇ ಹೊಳೆ ದಾಟಬೇಡ.

ನಿನ್ನ ಅಜ್ಜಿ

ತಡಿ, ಕಾಗದ ಒಯ್ಯುವ ಜೀಪಿನವನು ಹಾರನ್ ಹೊಡೆಯುತ್ತಿದ್ದಾನೆ, ಹೊಡೆಯಲಿ. ಹೇಳಬೇಕಾದದ್ದು ಉಳಿದೇ ಹೋಯಿತು. ಮೊನ್ನೆ ಅವಳು ಕೇಳಿ ಕೇಳಿ ಅತ್ತಾಗ ನಾನು ತಡೆಯಲಾರದೆ ಕಟ್ಟಿ ಹೇಳಿಬಿಟ್ಟೆ, ‘ತುಂಬ ಚಳಿ, ನನ್ನವಳಿಗೆ ಹೇಳಿ ಒಂದು ಜೊತೆ ಉಣ್ಣೆಯ ಕಾಲುಚೀಲ ಹೆಣೆಸು’ ಅಂದನಂತೆ ಅಂತ. ಅವಳ ಮುಖ ನೀನು ನೋಡಬೇಕಿತ್ತು. ಅವತ್ತೇ ನಿಮ್ಮಪ್ಪನಿಗೆ ಅಂತ ಹೆಣೆಯಲು ಕೂತಳು. ಒಂದು ಮುಗಿಸಿ ನೋಡಿದರೆ ಕೈ ಅಭ್ಯಾಸಕ್ಕೆ ಉದ್ದಣ್ಣನ ಅಳತೆಗೇ ಆಗಿದೆ. ಅದನ್ನು ಬಿಚ್ಚಿ, ನಿನ್ನೆ ಬೆಳಿಗ್ಗೆ ನಿಮ್ಮಪ್ಪನ ಹಳೇ ಬೂಟು ಕೇಳಿಕೊಂಡು ಬಂದಿದ್ದಳು, ಅಳತೆಗೆ. ಅವರಿಗಂತೂ ಆಗಲಿಲ್ಲ, ಕೊನೆಯ ಮಾತು ಕೇಳಿದ ಅಣ್ಣನಾದರೂ ಹಾಕಿಕೊಳ್ಳಲಿ, ಗುಡ್ಡ ಹತ್ತಿ ನಾನೇ ಕೊಟ್ಟು ಬರುತ್ತೇನೆ ಅನ್ನುತ್ತಾಳೆ. ಬೂಟು ಕೊಟ್ಟು ಕಳಿಸಿದ್ದೇನೆ. ಮತ್ತೇನು ಮಾಡಲಿ? ಅವಳು ಅದನ್ನು ಅವನ ಕೈಗಿಟ್ಟಾಗ ಅವನು ಏನು ಹೇಳಬೇಕು? ನಿನ್ನ ಟ್ರೇನಿಂಗಿನ ಪುಸ್ತಕದಲ್ಲಿ ಇದಕ್ಕೂ ಪಾಠ ಇದ್ದರೆ ನೋಡಿ ಬರಿ. ಇಲ್ಲದಿದ್ದರೂ ಬರಿ. ಮಳೆ ಸುದ್ದಿ ಬೇಡ. ಆಗಲೇ ಒಂದು ಕಾಲಿನದು ಮುಗಿದಿದೆಯಂತೆ, ಈ ತಿಂಗಳು ದಾಟುವುದರೊಳಗೆ ಉತ್ತರ ನನ್ನ ಕೈಗೆ ಬರಬೇಕು.