ಹಲಗೆಯ ಮೇಲೆ ಮೂರು ಕಾಲು

ಭಿಗವಣ
ಜನವರಿ 19

ನನ್ನ ಬಂಗಾರಿ ಕೇತಕಿಗೆ ಆಯಿಯ ಮುದ್ದು,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಭಿವಾನ ದೋಣಿಯಲ್ಲಿ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ಬರುತ್ತದೆ, ಆಮೇಲೆ ಇಬ್ಬರೂ ಊಟ ಬಿಡುತ್ತೇವೆ.

ನಿನ್ನ ಮದುವೆಯ ಫೋಟೊ ನಾನು ತೆಗೆಯುವುದಿಲ್ಲ, ಪುಣೆಯಿಂದ ಯಾರನ್ನಾದರೂ ಕರೆಸಿಕೋ ಎಂದೆನಲ್ಲ, ಅದು ನಿನಗೆ ಎಷ್ಟು ಚುಚ್ಚಿತೆಂದು ಗೊತ್ತು. ಮೂವತ್ತು ವರ್ಷದಿಂದ ಈ ಊರಿನ ಮದುಮಕ್ಕಳೆಲ್ಲ ನನ್ನ ಕ್ಯಾಮೆರಾ ಮುಂದೆ ನಿಂತವರು. ನಡುವೆ ಹಿಡಿದ ಅಂತರಪಟ ಸರಿದು ಇಬ್ಬರೂ ಮುಖ ನೋಡಿಕೊಳ್ಳುವ ಗಳಿಗೆಯ ಫೋಟೊ ಇಂದುಮತಿಬಾಯಿಯೇ ತೆಗೆಯಬೇಕು ಅನ್ನುತ್ತಿದ್ದರು. ಸ್ವಂತ ಮಗಳಿಗೆ ಮಾತ್ರ, ಮಂಗಳಾಷ್ಟಕದ ಹೊತ್ತಿಗೆ ಮದುಮಗಳ ತಾಯಿ ಹಿತ್ತಲಲ್ಲಿ ತುಳಸಿಗೆ ನೀರೆರೆಯುತ್ತಿರಬೇಕು, ಹೇಗೆ ಬರಲಿ ಎಂದುಬಿಟ್ಟೆ. ಅದು ನೆಪ. ನಿನ್ನ ಹುಡುಗ ನನಗೆ ಒಪ್ಪಿಗೆಯಿಲ್ಲವೆಂದು ನೀನು ತಿಳಿದಿದ್ದರೆ ಅದೂ ಸುಳ್ಳು. ಅವನು ಚಿನ್ನದಂಥವನು.

ನಿಜ ಏನೆಂದರೆ, ಸೋನವಣೆಯವರ ಮಗಳ ಮದುವೆಯಲ್ಲಿ ಆ ಫೋಟೊ ಕೆಟ್ಟುಹೋಯಿತು. ಗೋಧೂಳಿ ಮುಹೂರ್ತ, ಬೆಳಕು ಕಡಿಮೆ. ಫ್ಲ್ಯಾಶ್ ಹೊಡೆದು ಆ ಮುಖಗಳನ್ನು ಬೆಚ್ಚಿಬೀಳಿಸುವುದು ನನ್ನ ಕೈಲಾಗದು, ಅದಕ್ಕೇ ಟ್ರೈಪಾಡಿನ ಮೇಲೆ ಕ್ಯಾಮೆರಾ ಕೂರಿಸಿದ್ದೆ. ಆದರೂ ಹುಡುಗಿಯ ನತ್ತು, ಬಾಸಿಂಗ, ಕಣ್ಣು ಎಲ್ಲ ಕಲಸಿಹೋಗಿತ್ತು. ಅವಳ ಅಪ್ಪ ಚೆನ್ನಾಗಿದೆ ಬಾಯಿ ಎಂದು ಆಲ್ಬಮ್ ಮುಚ್ಚಿದರು. ಬೈದಿದ್ದರೆ ಎಷ್ಟೋ ಮೇಲಿತ್ತು. ಮುಂದಿನ ಮದುವೆಯಲ್ಲೂ ಹಾಗೇ ಆಯಿತು. ನನ್ನ ಕಾಲ ಮುಗಿಯಿತು ಎಂದುಕೊಂಡು ಸ್ಟುಡಿಯೋ ಬಾಗಿಲು ಎಳೆದೆ. ನಿನ್ನ ಮದುವೆಯನ್ನೂ ಕೆಡಿಸುವ ಧೈರ್ಯ ನನಗಿರಲಿಲ್ಲ.

ನೀನು ಕೊಟ್ಟ ಲೆನ್ಸಿನಲ್ಲಿ ಅಲುಗಾಟ ತಡೆಯುವ ಸ್ವಿಚ್ಚಿದೆಯಲ್ಲ. ಕೈಯಲ್ಲಿ ಹಿಡಿದಾಗ ಹಾಕು, ಟ್ರೈಪಾಡಿನ ಮೇಲಿದ್ದಾಗ ಆರಿಸು, ಇಲ್ಲವಾದರೆ ಇಲ್ಲದ ಅಲುಗಾಟವನ್ನು ಹುಡುಕಿ ಅದೇ ಫೋಟೊ ಕೆಡಿಸುತ್ತದೆ ಎಂದು ನೀನೇ ಡಬ್ಬಿಗೆ ಚೀಟಿ ಅಂಟಿಸಿದ್ದೆ. ಆ ಮದುವೆಗಳಲ್ಲಿ ಸ್ವಿಚ್ಚು ಆರಿಸಿ ನಿನ್ನ ಮಾತನ್ನು ಅಕ್ಷರಶಃ ಪಾಲಿಸಿದೆ. ಜನ್ಮದಲ್ಲಿ ಅದೊಂದೇ ಸಲ.

ಮೊನ್ನೆ ಭಿವಾ ಬಂದ. ಚಳಿಗಾಲವಿಡೀ ಹಕ್ಕಿ ನೋಡುವವರನ್ನು ಹಿನ್ನೀರಿಗೆ ಕರೆದೊಯ್ಯುತ್ತಾನಲ್ಲ, ಮನೆಯಲ್ಲಿ ಕೂತು ಸೊರಗಬೇಡಿ ಎಂದು ನನ್ನನ್ನೂ ನಸುಕಿನಲ್ಲೇ ಎಬ್ಬಿಸಿಕೊಂಡು ಹೋದ. ನಾನು ದೋಣಿಯ ನಡುವೆ ಟ್ರೈಪಾಡ್ ನಿಲ್ಲಿಸಿದ್ದು ನೋಡಿ ಬಿದ್ದು ಬಿದ್ದು ನಕ್ಕ. ಚೀಟಿಯಂತೆ ಸ್ವಿಚ್ಚು ಆರಿಸಿ ಹತ್ತು ಫೋಟೊ ತೆಗೆದೆ. ಹತ್ತರಲ್ಲೂ ಫ್ಲೆಮಿಂಗೊಗಳು ಗುಲಾಬಿ ಗಂಜಿಯಾಗಿದ್ದವು. ನೋಡು, ಟ್ರೈಪಾಡ್ ಇದ್ದೂ ಹೀಗೆ, ನನ್ನದೇ ದೋಷ ಎಂದು ಅವನಿಗೆ ತೋರಿಸಿದೆ.

“ವೈನಿ, ಅದರ ಮೂರು ಕಾಲು ನನ್ನ ದೋಣಿ ಮ್ಯಾಲೆ ನಿಂತಾವ,” ಅಂದ. “ನನ್ನ ದೋಣಿ ಯಾತರ ಮ್ಯಾಲೆ ನಿಂತೈತಿ, ಹೇಳ್ರಿ?”

ಸ್ವಿಚ್ಚು ಹಾಕಿದೆ. ಹನ್ನೊಂದನೆಯದರಲ್ಲಿ ಹಕ್ಕಿಯ ಕಣ್ಣು ಕಂಡಿತು.

ದಂಡೆಗೆ ಬರುವವರೆಗೂ ಸೋನವಣೆಯವರ ಮಂಟಪವೇ ಕಣ್ಣ ಮುಂದಿತ್ತು. ಬಾಡಿಗೆ ಹಲಗೆಗಳ ಸ್ಟೇಜು, ಅಕ್ಷತೆ ಎಸೆಯಲು ನುಗ್ಗಿದ ಜನ, ವರನ ಗೆಳೆಯರ ಕುಣಿತ. ಅದೇ ಹಲಗೆಯ ಮೇಲೆ ನನ್ನ ಟ್ರೈಪಾಡ್! ಮರುದಿನ ಸಂಜೆ ಶಾಲೆಯ ಹಲಗೆ ಸ್ಟೇಜಿನ ಮೇಲೆ ಭಿವಾನನ್ನು ಕುಣಿಸಿ, ಹಿಂದಿನ ಗೋಡೆಗೆ ನನ್ನ ಪೈಠಣಿ ಸೀರೆ ತೂಗುಹಾಕಿ ಪರೀಕ್ಷೆ ಮಾಡಿದೆ. ಸ್ವಿಚ್ಚು ಆರಿಸಿದರೆ ಸೆರಗಿನ ನವಿಲು ಕಲಸಿತು, ಹಾಕಿದರೆ ಸರಿಯಾಗಿ ಬಂತು. ಕೆಳಗೆ ಕಲ್ಲುಹಾಸಿನ ಮೇಲೆ ಟ್ರೈಪಾಡ್ ಇಟ್ಟಾಗ ನಿನ್ನ ಚೀಟಿಯದೇ ಗೆಲುವು, ಆರಿಸಿದಾಗಲೇ ಚೆನ್ನ. ಚೀಟಿಗೆ ಒಂದು ಸಾಲು ಸೇರಿಸಿದ್ದೇನೆ: ಟ್ರೈಪಾಡ್ ಯಾವುದರ ಮೇಲೆ ನಿಂತಿದೆ ಎಂದು ಮೊದಲು ನೋಡು.

ಪುಣೆಯವನಿಗೆ ಬೇಡವೆಂದು ಹೇಳು. ತುಳಸಿಗೆ ನನ್ನ ಬದಲು ನಿನ್ನ ಚಿಕ್ಕಮ್ಮ ನೀರೆರೆಯಲಿ. ಅಂತರಪಟ ಸರಿದಾಗ ನೀನು ಅವನನ್ನು ನೋಡು, ನಾನು ನಿನ್ನನ್ನು ನೋಡುತ್ತಿರುತ್ತೇನೆ.

ನಿನ್ನ ಹಟಮಾರಿ
ಆಯಿ

ತಾ.ಕ.: ಸುಳ್ಳು ಹೇಳಿ ಲಕೋಟೆ ಅಂಟಿಸಲು ಮನಸ್ಸಾಗುತ್ತಿಲ್ಲ. ಇದನ್ನು ದೋಣಿಯಲ್ಲಿ ಬರೆದಿಲ್ಲ. ಅಡುಗೆಮನೆಯ ಕಲ್ಲುಕಟ್ಟೆಯ ಮೇಲೆ ಕೈಯೂರಿ ಬರೆದಿದ್ದೇನೆ, ಕಟ್ಟೆ ಅಲುಗಾಡುವುದಿಲ್ಲ. ಎರಡು ವರ್ಷದಿಂದ ಬಲಗೈ ನಡುಗುತ್ತಿದೆ. ಫೋಟೊ ಕೆಟ್ಟದ್ದೆಲ್ಲ ಅದರಿಂದಲೇ ಎಂದು ನಂಬಿ ಯಾರಿಗೂ ಹೇಳಿರಲಿಲ್ಲ. ಶಾಲೆಯಲ್ಲಿ ನವಿಲಿನ ಫೋಟೊ ತೆಗೆದದ್ದೂ ಇದೇ ಕೈ, ಕ್ಯಾಮೆರಾ ಮುಟ್ಟದೆ ಉದ್ದ ವೈರಿನ ಗುಂಡಿ ಒತ್ತಿ. ಆದರೆ ಡಾಕ್ಟರ ಹತ್ತಿರ ಒಬ್ಬಳೇ ಹೋಗಲು ಹೆದರಿಕೆ. ಒಂದು ವಾರ ಮೊದಲೇ ಬಾ, ಜೊತೆಗೆ ಹೋಗೋಣ.