ಬರಿಗೈಯಲ್ಲಿ ಸುತ್ತಿದ ಊರು

ಅವ್ವಾ,

ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಇದನ್ನು ಓದು. ನಿನಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಅಲ್ಲಿಗೆ ಹೋದವರಲ್ಲಿ ನಾಲ್ಕಕ್ಷರ ಕಲಿತವರು ಯಾರೂ ಇಲ್ಲವೇ? ಹಿಡಿದು ಕೂರಿಸಿ ಓದಿಸಿಕೋ. ಹೌದು, ನೀನು ಹೋಗಿ ವರ್ಷ ತುಂಬುವ ಮೊದಲೇ ನಾನು ವಿಮಾನ ಹತ್ತಿದೆ. ನಿನಗೆ ಇಷ್ಟವಾಗುವುದಿಲ್ಲ ಎಂದು ಗೊತ್ತಿದ್ದೇ ಹತ್ತಿದೆ.

ದೊಡ್ಡಪ್ಪ ನಮ್ಮ ಜಗುಲಿಯ ಮೇಲೆ ಕೂತು ತೀರ್ಪು ಕೊಟ್ಟದ್ದು ನೀನು ಹೋದ ಆರೇಳು ತಿಂಗಳಿಗೆ. ನಮ್ಮ ತೆಂಗಿನ ನಾರಿನ ಸಂಘದ ಮ್ಯಾಟುಗಳನ್ನು ಸ್ಪೇನ್ ದೇಶದ ಒಂದು ಮೇಳದಲ್ಲಿ ಇಡಲು ಇಬ್ಬರು ಬನ್ನಿ ಎಂದು ಕರೆ ಬಂದಿತ್ತು. ಸಂಘದವರು ನನ್ನನ್ನೂ ಬಿಳಿಗೆರೆಯ ಗೌರಮ್ಮನನ್ನೂ ಆರಿಸಿದರು. "ವರ್ಷದೊಳ್ಗೆ ಹೊಳೆ ದಾಟಂಗಿಲ್ಲ, ಬೆಟ್ಟ ಹತ್ತಂಗಿಲ್ಲ. ನೀನು ನೋಡುದ್ರೆ ಸಮುದ್ರನೇ ದಾಟ್ತೀನಿ ಅಂತೀಯ" ಎಂದರು ದೊಡ್ಡಪ್ಪ. "ದಾಟಂಗಿದ್ರೆ ದಾಟು. ನಿಮ್ಮವ್ವನ ವರ್ಷದ ಎಡೆಗೆ ಮಾತ್ರ ಕೈ ಹಾಕ್ಬೇಡ. ನನ್ ಮಗ ಇಡ್ತಾನೆ." ನಿನಗಿದ್ದವಳು ನಾನೊಬ್ಬಳು. ಹಾಸಿಗೆ ಹಿಡಿದ ನಿನ್ನನ್ನು ಎತ್ತಿ ಕೂರಿಸಿ ತಿನ್ನಿಸಿದ ಕೈ ಇದು. ಒಂದು ದಿನ ಬಂದು ನಿನ್ನ ಮುಖ ನೋಡದವನು ಎಡೆ ಇಡುತ್ತಾನಂತೆ! "ಹೋಗೂ ಹೋಯ್ತೀನಿ, ಬಂದು ಎಡೆನೂ ನಾನೇ ಇಡ್ತೀನಿ" ಎಂದೆ. ಬೀದಿಗೆ ಕೇಳುವ ಹಾಗೇ ಎಂದೆ.

ಮೇಳ ಶುಕ್ರವಾರ ಮುಗಿಯಿತು, ನಮ್ಮ ವಿಮಾನ ಸೋಮವಾರ. ನಡುವೆ ಎರಡು ದಿನ ಕೆಲಸವಿಲ್ಲ. ಊರಿನ ಹೆಸರು ಸಾನ್ ಸೆಬಾಸ್ಟಿಯನ್. ಅಲ್ಲಿಯವರು ಬಾಸ್ಕ್ ಜನ, ಅವರ ನುಡಿಯೇ ಬೇರೆ, ಆ ನುಡಿಯಲ್ಲಿ ಊರಿಗೆ ದೊನೊಸ್ತಿಯಾ ಎಂದು ಹೆಸರು. ಬೇಸಿಗೆಯಲ್ಲಾದರೆ ಕಾಲಿಡಲು ಜಾಗವಿರುವುದಿಲ್ಲ ಎಂದಳು ಲಾಡ್ಜಿನ ಹುಡುಗಿ. ಅವಳದು ಅರೆಬರೆ ಇಂಗ್ಲಿಷು, ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷು, ಹೇಗೋ ನಡೆಯಿತು. ನಾವು ಹೋದದ್ದು ಕೊರೆಯುವ ಚಳಿಯಲ್ಲಿ. ಅರ್ಧ ಅಂಗಡಿ ಮುಚ್ಚಿದ್ದವು, ಜಿನುಗು ಮಳೆ ನಿಲ್ಲುತ್ತಲೇ ಇರಲಿಲ್ಲ. ಶನಿವಾರ ಬೆಳಿಗ್ಗೆ ನಾನು ಸೀರೆಯ ಮೇಲೆ ಸ್ವೆಟರ್ ಹಾಕಿಕೊಳ್ಳುವುದನ್ನು ಗೌರಮ್ಮ ರಗ್ಗಿನೊಳಗಿಂದಲೇ ನೋಡಿದಳು. "ಈ ಚಳೀಲಿ ನಾಯಿನೂ ಈಚೆಗೆ ಬರಾಕಿಲ್ಲ. ಏನ್ ಕೆಲ್ಸ ಐತೆ ಅಂತ ಹೊಂಟಿದ್ದೀಯೇ?"

ಏನು ಕೆಲಸವಿತ್ತು? ಊರು ನೋಡಬೇಕಿತ್ತು, ಅಷ್ಟೆ. ಆದರೆ ಹಾಗೆನ್ನಲು ಬಾಯಿ ಬರಲಿಲ್ಲ. ಮ್ಯಾಟಿನ ತುಂಡುಗಳನ್ನು ತಂದಿದ್ದ ವೈರ್ ಬುಟ್ಟಿ ಮೂಲೆಯಲ್ಲಿ ಖಾಲಿ ಬಿದ್ದಿತ್ತು. ಅದನ್ನೇ ಕೈಗೆ ಸಿಕ್ಕಿಸಿಕೊಂಡು, "ಸಾಮಾನು ತತ್ತೀನಿ" ಎಂದು ಹೊರಟುಬಿಟ್ಟೆ.

ಸಂಜೆ ಹೊತ್ತು ನೀನು ಕುಡುಗೋಲು, ಮಂಕರಿ ಹಿಡಿದು ತೋಟದ ಕಡೆ ಹೊರಡುತ್ತಿದ್ದೆಯಲ್ಲ, ಅದು ನೆನಪಾದದ್ದು ಬೀದಿಗೆ ಬಿದ್ದ ಮೇಲೆ. ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ರಾಶಿ ಬಿದ್ದಿರುತ್ತಿತ್ತು. ಆದರೂ ಹೊರಡುತ್ತಿದ್ದೆ. ಒಂದು ದಿನ ನಾನು ನಿನ್ನ ಹಿಂದೆಯೇ ಬಂದು ನೋಡಿದೆ. ನೀನು ತೆಂಗಿನ ಸಾಲಿನ ಕೊನೆಯವರೆಗೂ ನಿಧಾನವಾಗಿ ನಡೆದೆ, ಬದುವಿನ ಮೇಲೆ ಕೂತೆ, ಕೆರೆ ಏರಿಯ ಕಡೆ ನೋಡಿದೆ, ಎರಡು ಹಿಡಿ ಹುಲ್ಲು ಕೊಯ್ದು ವಾಪಸಾದೆ. ಯಾಕವ್ವ ಎಂದರೆ, "ಬರಿಗೈಲಿ ತಿರುಗೋ ಹೆಂಗ್ಸು ಊರ ಬಾಯಿಗೆ ಬೀಳ್ತಾಳೆ ಕಣೇ. ಕೈಲಿ ಏನಾರ ಇರ್ಬೇಕು" ಎಂದೆ. ಗಂಡಸರು ಬೇಲಿ ಹಿಡಿದು ನಿಂತು ಹೊತ್ತು ಕಳೆದರೆ ಕೇಳುವವರಿಲ್ಲ. ನಿನಗೆ ಮಾತ್ರ ಗಾಳಿ ಕುಡಿಯಲೂ ಕುಡುಗೋಲು ಬೇಕಿತ್ತು. ನನಗೆ ಆಗ ನಗು ಬಂದಿತ್ತು. ಈಗ ಸಿಟ್ಟು ಬರುತ್ತದೆ, ನಿನ್ನ ಮೇಲೂ.

ಆ ಹಳೇಪೇಟೆಯ ಓಣಿಗಳು ಎಷ್ಟು ಇಕ್ಕಟ್ಟು ಎಂದರೆ ಎದುರುಬದುರು ಮನೆಯವರು ಕಿಟಕಿಯಿಂದಲೇ ಉಪ್ಪು ಕೊಟ್ಟುಕೊಳ್ಳಬಹುದು. ಮಧ್ಯೆ ಒಂದು ಚೌಕ, ಸುತ್ತ ಮಹಡಿ ಮನೆಗಳು, ಪ್ರತಿ ಬಾಲ್ಕನಿಯ ಮೇಲೂ ಒಂದೊಂದು ನಂಬರು. ಹಿಂದೆ ಅಲ್ಲಿ ಗೂಳಿ ಕಾಳಗ ನಡೆಯುತ್ತಿತ್ತಂತೆ, ನೋಡುವವರಿಗೆ ಬಾಲ್ಕನಿಗಳನ್ನು ಬಾಡಿಗೆಗೆ ಬಿಡುತ್ತಿದ್ದರಂತೆ. ಕತ್ತೆತ್ತಿ ನೋಡೋಣವೆಂದರೆ ಬುಟ್ಟಿ ಬಿಡಬೇಕಲ್ಲ! ಬುಟ್ಟಿ ಹಿಡಿದು ಬಂದವಳನ್ನು ಕಂಡು ಹಣ್ಣಿನಂಗಡಿಯವನು ಕರೆದ, ಬ್ರೆಡ್ಡಿನವಳು ಕರೆದಳು. ನಾನೂ ಏನೋ ಕೊಳ್ಳುವವಳ ಹಾಗೆ ಒಂದೊಂದನ್ನೂ ಮುಟ್ಟಿ, ತಲೆಯಾಡಿಸಿ ಮುಂದೆ ಹೋದೆ. ಸಾವಿರಾರು ಮೈಲಿ ಬಂದರೂ ಯಾರಿಗೆ ಹೆದರಿ ನಾಟಕ ಆಡುತ್ತಿದ್ದೆ ಹೇಳು. ಸಂಜೆ ಗೌರಮ್ಮ ಬುಟ್ಟಿಗೆ ಇಣುಕಿ, "ಅಯ್ಯೋ, ಬರೀ ಬುಟ್ಟಿಗೆ ಊರು ತೋರ್ಸ್ಕೊಂಡು ಬಂದ್ಯಾ?" ಎಂದು ಬಿದ್ದು ಬಿದ್ದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಬುಟ್ಟಿಯನ್ನು ಮಂಚದ ಕೆಳಗೆ ತಳ್ಳಿದೆ. "ಎಲ್ಲಿಗೇ?" ಎಂದಳು. "ಸುಮ್ನೆ" ಎಂದೆ. ಆ ಒಂದು ಮಾತನ್ನು ನೀನು ಎಂದಾದರೂ ಯಾರಿಗಾದರೂ ಹೇಳಿದ್ದೆಯಾ? ಮೊದಮೊದಲು ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಕೊನೆಗೆ ದೊಡ್ಡಪ್ಪನ ಹಾಗೆ ಬೆನ್ನ ಹಿಂದೆ ಕಟ್ಟಿಕೊಂಡು ಕಡಲ ದಂಡೆಗೆ ಹೋದೆ. ಅಲ್ಲಿ ನೋಡಬೇಕಿತ್ತು ನೀನು. ನಿನ್ನ ವಯಸ್ಸಿನ ಹೆಂಗಸರು, ನಿನಗಿಂತ ದೊಡ್ಡವರು, ಆ ಚಳಿಯಲ್ಲಿ ಬರಿಗಾಲಲ್ಲಿ ನೀರಿನ ಅಂಚಿಗೆ ನಡೆಯುತ್ತಿದ್ದರು. ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ. ಒಬ್ಬ ಮುದುಕಿ ಬಟ್ಟೆ ಕಳಚಿಟ್ಟು ಸೀದಾ ಅಲೆಗೆ ಇಳಿದಳು. ಯಾರೂ ತಿರುಗಿ ನೋಡಲಿಲ್ಲ. ನಾನೂ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ನಡೆದೆ. ಕಾಲು ಮರಗಟ್ಟುವವರೆಗೂ ನಡೆದೆ. ಎಲ್ಲಿಗೆ ಹೊಂಟೆ ಎಂದು ಒಬ್ಬರಾದರೂ ಕೇಳಬೇಕಲ್ಲ!

ಹಳೇಪೇಟೆಯ ಬೆನ್ನಿಗೇ ಒಂದು ಗುಡ್ಡ, ಮೇಲೆ ಕೋಟೆ. ಬೆಟ್ಟ ಹತ್ತಂಗಿಲ್ಲ ಎಂದಿದ್ದರಲ್ಲ, ಅದನ್ನೂ ಹತ್ತಿದೆ. ದಾರಿಯಲ್ಲಿ ಪಾಚಿ ಹಿಡಿದ ಗೋರಿಗಳು ಸಿಕ್ಕವು. ಯಾವುದೋ ಹಳೇ ಯುದ್ಧದಲ್ಲಿ ಸತ್ತ ಇಂಗ್ಲಿಷ್ ಸೈನಿಕರವು. ಎಲ್ಲಿಯ ತಾಯಂದಿರ ಮಕ್ಕಳೋ, ಇವರಿಗೆ ಎಡೆ ಇಟ್ಟವರು ಯಾರು ಎಂದುಕೊಂಡೆ, ಅಷ್ಟಕ್ಕೇ ಅಳು ಒತ್ತರಿಸಿ ಬಂತು. ನೀನು ಹೋದ ದಿನ ಅಳಲು ಪುರುಸೊತ್ತಿರಲಿಲ್ಲ, ಬಂದವರಿಗೆ ಕಾಫಿ ಕಾಯಿಸುತ್ತಿದ್ದೆ. ಅಲ್ಲಿ ಒದ್ದೆ ಕಲ್ಲಿನ ಮೇಲೆ ಕೂತು ಸಾಕಾಗುವಷ್ಟು ಅತ್ತೆ. ನೀನಿದ್ದಿದ್ದರೆ "ಬುಡು ಕಣೇ, ಎದ್ದೇಳು, ಜನ ನೋಡ್ತಾರೆ" ಎನ್ನುತ್ತಿದ್ದೆ. ನೋಡಲಿ ಬಿಡು.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ವರ್ಷದ ದಿನ ಎಡೆ ನಾನೇ ಇಟ್ಟೆ. ಮುದ್ದೆ, ಅವರೆಕಾಳು ಸಾರು, ಕಾಯಿಕಡುಬು, ಒಂದು ಹೊಸ ಸೀರೆ. ದೊಡ್ಡಪ್ಪ ಬರಲಿಲ್ಲ, "ಅವ್ಳು ಇಟ್ಟಿದ್ದುಕ್ಕೆ ಕಾಗೆ ಬಂದ್ರೆ ಕೇಳು" ಎಂದು ಹೇಳಿ ಕಳಿಸಿದರು. ಎಲೆಯನ್ನು ಹಿತ್ತಿಲ ಗೋಡೆಯ ಮೇಲಿಟ್ಟು ಕಾದೆವು. ಗೌರಮ್ಮ ಕಾ ಕಾ ಎಂದು ಗಂಟಲು ಹರಿದುಕೊಂಡಳು. ಹೊತ್ತು ಇಳಿಯಿತು, ಬಂದವರಿಗೆ ಹಸಿವು. "ನಿಮ್ ದೊಡ್ಡಪ್ಪನ ಮಗನ್ನ ಕರ್ಸಿ ಎಲೆ ಮುಟ್ಸವ್ವ, ಅವಾಗ ಬತ್ತದೆ" ಎಂದು ಒಬ್ಬರು ಮೆಲ್ಲಗೆ ಅಂದರು. ಉಳಿದವರೂ ನನ್ನ ಮುಖ ನೋಡಿದರು. "ಎಲೆ ಹಾಕ್ರಿ, ಬಡಿಸ್ತೀನಿ" ಎಂದೆ. ಒಬ್ಬರೂ ಎದ್ದು ಹೋಗಲಿಲ್ಲ.

ಕಾಗೆ ಬರಲಿಲ್ಲ ಅವ್ವಾ. ನಿನಗೆ ಸುಳ್ಳು ಹೇಳುವುದಿಲ್ಲ, ಕತ್ತಲಾಗುವವರೆಗೂ ಬರಲಿಲ್ಲ. ಎಲೆಯನ್ನು ಹಸುವಿಗೆ ಹಾಕಿದೆ. ನಿನಗೆ ನಿಜವಾಗಿ ಕೋಪವಿತ್ತೋ, ಅಥವಾ ಊರಿನ ಕಾಗೆಗಳಿಗೆ ಬೇರೆ ಎಲ್ಲೋ... ಇರಲಿ. ಬರುವ ವರ್ಷವೂ ನಾನೇ ಇಡುತ್ತೇನೆ, ಅದರ ಮುಂದಿನ ವರ್ಷವೂ ನಾನೇ. ಬೇಡ ಅನ್ನುವುದಾದರೆ ನೀನೇ ಬಂದು ನನ್ನ ಎದುರು ನಿಂತು ಹೇಳು. ದೊಡ್ಡಪ್ಪನ ಬಾಯಲ್ಲಿ ಹೇಳಿಸಬೇಡ, ಕಾಗೆಯ ಬಾಯಲ್ಲೂ ಬೇಡ.

ನಿನ್ನ ಮಗಳು,
ರತ್ನ